ಆಣೆ ಮುರಿದವನು ಎಲ್ಲಿ ಕೂಡ್ರಬೇಕು?



ಹೋದ ವರುಷ ಶ್ರಾವಣದ ಒಂದು ಸೋಮವಾರ ಪ್ರವಚನ ಮುಗಿದ ಮೇಲೆ ಒಬ್ಬ ತಾಯಿ ತನ್ನ ಮಗನ ಕೈ ಹಿಡಿದು ತಂದು ನಮ್ಮ ಮುಂದೆ ನಿಲ್ಲಿಸಿದಳು. ಅವನ ವಯಸ್ಸು ನಾಲ್ವತ್ತರ ಆಸುಪಾಸು. ನಾಲ್ಕು ಎಕರೆ ಎರೆಹೊಲ, ಒಂದು ಜೋಡು ಎತ್ತು, ಒಂದು ಕಾಲಕ್ಕೆ ಊರಲ್ಲಿ ಮಾತಿಗೆ ತೂಕವಿದ್ದ ಮನೆತನ. "ಅಜ್ಜಾರ, ಇವನ ಕಡಿಂದ ಆಣಿ ಮಾಡಸ್ರಿ. ನಿಮ್ಮ ಮುಂದ ಆಡಿದ ಮಾತು ತಪ್ಪೂದಿಲ್ಲ" ಎಂದಳು. ಸಭೆಯಲ್ಲಿ ನೂರಾರು ಜನರಿದ್ದರು. ಅವನು ವಿಭೂತಿ ಮುಟ್ಟಿ, ಇನ್ನು ಬದುಕಿರುವತನಕ ಸೆರೆ ಮುಟ್ಟುವುದಿಲ್ಲವೆಂದು ಹೇಳಿದ. ಜನ ಚಪ್ಪಾಳೆ ತಟ್ಟಿದರು. ನಾವು ಶಾಲು ಹೊದಿಸಿ, ಫಲ ಕೊಟ್ಟು, ಆಶೀರ್ವದಿಸಿ ಕಳಿಸಿದೆವು. ಒಂದು ಮನೆ ಉಳಿಯಿತೆಂದು ಆ ರಾತ್ರಿ ಸಮಾಧಾನದಿಂದ ಮಲಗಿದ್ದೂ ನೆನಪಿದೆ.

ಗೌರಿ ಹುಣ್ಣಿಮೆಯ ಹೊತ್ತಿಗೆ ಅವನು ಮತ್ತೆ ಕುಡಿದ. ಅದರಲ್ಲಿ ವಿಶೇಷವೇನೂ ಇಲ್ಲ, ಅನೇಕರು ಹಾಗೆ ಮಾಡುತ್ತಾರೆ. ಆದರೆ ಅಂದಿನಿಂದ ಅವನು ಮಠದ ಓಣಿಯನ್ನೇ ಬಿಟ್ಟ. ಅವನ ಹೊಲಕ್ಕೆ ನಮ್ಮ ಮಠದ ಮುಂದಿನ ದಾರಿಯೇ ಸಮೀಪ. ಅದನ್ನು ಬಿಟ್ಟು ಹಳ್ಳ ಸುತ್ತಿ ಹೋಗತೊಡಗಿದ. ಜಾತ್ರೆಗೆ ಬರಲಿಲ್ಲ, ತೇರಿನ ಹಗ್ಗ ಹಿಡಿಯಲಿಲ್ಲ, ದಾಸೋಹದ ಪಂಕ್ತಿಯಲ್ಲಿ ಕಾಣಲಿಲ್ಲ. "ಆಣಿ ಮುರದನಲ್ಲಾ ಅನ್ನೂ ನಾಚಿಕಿಗೆ ಮೊದಲಿನಕಿಂತ ಹೆಚ್ಚ ಕುಡೀಲಿಕ್ಕತ್ಯಾನ್ರಿ" ಎಂದು ತಾಯಿ ಬಂದು ಅತ್ತಾಗಲೇ ನಮಗೆ ವಿಷಯ ತಿಳಿದದ್ದು. ಅವನಿಂದ ಕುಡಿತ ಬಿಡಿಸಲು ಹೋಗಿ ನಾವು ಮಠ ಬಿಡಿಸಿದ್ದೆವು. (ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿ ಬರೆದಿದ್ದೇವೆ. ಬರೆಯಲು ತಾಯಿಯ ಒಪ್ಪಿಗೆಯೂ ಉಂಟು.)

ಆಣೆಯನ್ನು ಹಗುರಾಗಿ ಕಾಣುವ ಮಾತು ಇದಲ್ಲ. ಇಳಕಲ್ಲಿನ ಲಿಂಗೈಕ್ಯ ಡಾ. ಮಹಾಂತ ಶಿವಯೋಗಿಗಳು 1975ರಿಂದ ಜೋಳಿಗೆ ಹಿಡಿದು ಊರೂರು ತಿರುಗಿ, ಕಾಳು ಬೇಡ, ಕಾಸು ಬೇಡ, ನಿಮ್ಮ ದುಶ್ಚಟಗಳನ್ನು ಭಿಕ್ಷೆಯಾಗಿ ಹಾಕಿರೆಂದು ಬೇಡಿದರು. 2018ರಲ್ಲಿ ಅವರು ಲಿಂಗೈಕ್ಯರಾದರೂ 'ಮಹಾಂತ ಜೋಳಿಗೆ' ಎಂಬ ಹೆಸರು ಈ ನಾಡಿನಲ್ಲಿ ಉಳಿದಿದೆ. ಅವರ ಜನ್ಮದಿನವಾದ ಆಗಸ್ಟ್ 1 ನಮ್ಮ ರಾಜ್ಯದಲ್ಲಿ ವ್ಯಸನಮುಕ್ತ ದಿನವೆಂದು ಆಚರಣೆಗೊಳ್ಳುತ್ತದೆ. ಅಂಥ ಮಹನೀಯರ ಕಾಲಧೂಳಿಗೂ ನಾವು ಸಮನಲ್ಲ. ನಮ್ಮನ್ನು ಕಾಡುವ ಪ್ರಶ್ನೆ ಬೇರೆ. ಜೋಳಿಗೆಗೆ ಹಾಕಿದ ದಿನ ಸರಿ. ಹತ್ತನೆಯ ದಿನ ಸಂಜೆ ಏಳು ಗಂಟೆಗೆ, ಸಂತೆ ಮುಗಿಸಿ ಕಿಸೆಯಲ್ಲಿ ದುಡ್ಡಿರುವಾಗ, ಗೆಳೆಯ ಹೆಗಲ ಮೇಲೆ ಕೈ ಹಾಕಿದಾಗ, ಅವನು ಎಲ್ಲಿಗೆ ಹೋಗಬೇಕು?

ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ನಮಗೆ ದೊರೆತದ್ದು, ಕುಡಿತ ಬಿಟ್ಟವರೇ ಕೂಡಿಕೊಂಡು ನಡೆಸುವ ಸಭೆಗಳು. ಇವುಗಳಲ್ಲಿ ಹಳೆಯದು ಎ.ಎ., ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್. ಹೆಸರು ಹೇಳಿಕೊಳ್ಳದ ಮದ್ಯವ್ಯಸನಿಗಳ ಕೂಟವೆಂದು ತಿಳಿಯಿರಿ. ಅದು ಹುಟ್ಟಿದ ಕಥೆಯನ್ನು ನಮ್ಮ ಹಿರಿಯರು ಕೇಳಲೇಬೇಕು.

1935ನೇ ಇಸವಿ. ನ್ಯೂಯಾರ್ಕಿನ ಬಿಲ್ ವಿಲ್ಸನ್ ಎಂಬ ಷೇರು ವ್ಯವಹಾರದ ಮನುಷ್ಯ ಕುಡಿತದಿಂದ ಎಲ್ಲವನ್ನೂ ಕಳಕೊಂಡು, ಬಿಟ್ಟು ಐದು ತಿಂಗಳಾಗಿತ್ತು. ಕೆಲಸದ ಮೇಲೆ ಒಹಾಯೊ ರಾಜ್ಯದ ಆಕ್ರನ್ ಪಟ್ಟಣಕ್ಕೆ ಬಂದ. ಬಂದ ಕೆಲಸ ಕೆಟ್ಟಿತು. ಇಳಿದುಕೊಂಡಿದ್ದ ಹೋಟೆಲಿನ ಪಡಸಾಲೆಯಲ್ಲಿ ಒಂದು ಕಡೆ ಕುಡಿಯುವವರ ನಗೆಮಾತು, ಇನ್ನೊಂದು ಕಡೆ ಟೆಲಿಫೋನು. ಅವನು ಟೆಲಿಫೋನಿನ ಕಡೆ ನಡೆದ. ಊರ ಪಾದ್ರಿಗಳಿಗೆ ಫೋನು ಮಾಡಿ ಕೇಳಿದ್ದೇನು? ಮದ್ದಲ್ಲ, ಉಪದೇಶವಲ್ಲ. ತನ್ನಂತೆಯೇ ಕುಡಿತಕ್ಕೆ ಸಿಕ್ಕ ಇನ್ನೊಬ್ಬ ಮನುಷ್ಯನಿದ್ದರೆ ತೋರಿಸಿ, ಅವನೊಡನೆ ಮಾತಾಡಬೇಕು ಎಂದು. ಹಾಗೆ ಸಿಕ್ಕವರು ಆ ಊರಿನ ಶಸ್ತ್ರವೈದ್ಯ ಡಾ. ಬಾಬ್ ಸ್ಮಿತ್. ಕಾಲು ಗಂಟೆ ಕುಳಿತು ಎದ್ದು ಹೋಗುವ ಎಣಿಕೆಯಿಂದ ಬಂದ ಡಾಕ್ಟರು ಗಂಟೆಗಟ್ಟಲೆ ಕುಳಿತರು. ಅದುವರೆಗೆ ಅವರಿಗೆ ಬುದ್ಧಿ ಹೇಳಿದವರು ಬಹಳ ಜನ. ಎದುರು ಕುಳಿತು ತನ್ನದೇ ಕಥೆಯನ್ನು ಬಿಚ್ಚಿ ಹೇಳಿದ ಕುಡುಕ ಇವನೊಬ್ಬನೇ.

ಮುಂದಿನದು ಮುಖ್ಯ. ಡಾಕ್ಟರು ಕುಡಿತ ಬಿಟ್ಟರು. ಕೆಲವು ವಾರಗಳಲ್ಲಿಯೇ ವೈದ್ಯರ ಸಮ್ಮೇಳನಕ್ಕೆಂದು ಪರಊರಿಗೆ ಹೋದವರು ದಾರಿಯಲ್ಲೇ ಕುಡಿಯಲು ತೊಡಗಿ, ಎಚ್ಚರವಿಲ್ಲದ ಸ್ಥಿತಿಯಲ್ಲಿ ಮರಳಿ ಬಂದರು. ಅಂದರೆ ಮಾತು ತಪ್ಪಿದರು. ಬಿಲ್ ಅವರನ್ನು ಹೊರಗೆ ಹಾಕಲಿಲ್ಲ. ಡಾಕ್ಟರ ಹೆಂಡತಿಯೊಡನೆ ಸೇರಿ ಹಾಸಿಗೆಯ ಬಳಿ ಕುಳಿತು ಆರೈಕೆ ಮಾಡಿದ. ಜೂನ್ 10ರಂದು ಡಾಕ್ಟರು ಕೊನೆಯ ಗುಟುಕು ಕುಡಿದರು. 1950ರಲ್ಲಿ ತೀರಿಕೊಳ್ಳುವತನಕ ಮತ್ತೆ ಮುಟ್ಟಲಿಲ್ಲ. ಆ ಕೂಟದವರು ತಮ್ಮ ಹುಟ್ಟಿದ ದಿನವೆಂದು ಎಣಿಸುವುದು ಇದೇ ಜೂನ್ 10ನ್ನು. ಇಬ್ಬರು ಮೊದಲ ಸಲ ಭೇಟಿಯಾದ ದಿನವನ್ನಲ್ಲ, ಮಾತು ತಪ್ಪಿದವನು ಎದ್ದು ಕುಳಿತ ದಿನವನ್ನು. ಇದನ್ನು ತಿಳಿದಾಗ ಹಳ್ಳ ಸುತ್ತಿ ಹೋಗುವ ನಮ್ಮ ರೈತನ ನೆನಪಾಗಿ ತುಸು ಹೊತ್ತು ಸುಮ್ಮನೆ ಕುಳಿತೆವು.

ಈ ಸಭೆ ಹೇಗಿರುತ್ತದೆಂದು ನೋಡಲು ಜಿಲ್ಲಾ ಸ್ಥಳದಲ್ಲಿ ಒಂದು ಸಂಜೆ ನಾವೇ ಹೋಗಿದ್ದೆವು. ಎ.ಎ.ಯಲ್ಲಿ ಎರಡು ತೆರನ ಸಭೆಗಳುಂಟು. ತೆರೆದ ಸಭೆಗೆ ಯಾರೂ ಹೋಗಬಹುದು. ಇನ್ನೊಂದಕ್ಕೆ ಕುಡಿತದ ತೊಂದರೆಯಿದ್ದು ಬಿಡಬೇಕೆನ್ನುವವರಷ್ಟೇ. ನಾವು ಹೋದದ್ದು ತೆರೆದ ಸಭೆಗೆ. ಕಾವಿ ಕಂಡು ಎಲ್ಲರೂ ಎದ್ದು ನಿಂತರು. ಅದೇ ನಮ್ಮ ಮೊದಲ ತಪ್ಪು. ಹೋಗುವ ಮುನ್ನ ಹೇಳಿ ಕಳಿಸಿ ಹಿಂದಿನ ಸಾಲಿನಲ್ಲಿ ಕೂಡ್ರಬೇಕಿತ್ತು. ಅಲ್ಲಿ ಕೇಳಿದ್ದನ್ನು ಹೊರಗೆ ಹೇಳಕೂಡದೆಂಬುದು ಅವರ ಕಟ್ಟಳೆ, ಆದ್ದರಿಂದ ಬರೆಯುವುದಿಲ್ಲ. ಕಂಡದ್ದನ್ನು ಬರೆಯಬಹುದು. ಹದಿನೈದು ಕುರ್ಚಿ, ಒಂದು ಚಹಾದ ಕಿಟ್ಲಿ. ಹೊಸದಾಗಿ ಬಂದವನೊಬ್ಬನ ಕೈ ನಡುಗುತ್ತಿತ್ತು. ಪಕ್ಕದಲ್ಲಿದ್ದ ನರೆತ ತಲೆಯ ಮನುಷ್ಯ ಏನೂ ಹೇಳದೆ ಅವನ ಬಸಿಯ ಕೆಳಗೆ ತನ್ನ ಕೈ ಹಿಡಿದ, ಅವನು ಕುಡಿದು ಮುಗಿಸುವತನಕ ತೆಗೆಯಲಿಲ್ಲ. ತನ್ನ ಕೈಯೂ ಒಂದು ದಿನ ಹಾಗೆಯೇ ನಡುಗಿದ್ದವನಿಗೆ ಮಾತ್ರ ಹೊಳೆಯುವ ಸೇವೆಯದು. ನಮಗೆ ಹೊಳೆದಿರಲಿಲ್ಲ.

ಈ ಕೂಟಕ್ಕೆ ಶುಲ್ಕವಿಲ್ಲ. ಹೆಸರು ಬರೆಸಬೇಕಿಲ್ಲ. ಸೇರಲು ಬೇಕಾದ ಯೋಗ್ಯತೆ ಒಂದೇ, ಕುಡಿತ ನಿಲ್ಲಿಸಬೇಕೆಂಬ ಆಸೆ. ನಿಲ್ಲಿಸಿರಲೇಬೇಕೆಂದಿಲ್ಲ. ಖರ್ಚಿಗೆ ಸದಸ್ಯರೇ ಕೈಲಾದಷ್ಟು ಹಾಕುತ್ತಾರೆ, ಹೊರಗಿನವರ ದೇಣಿಗೆ ಸ್ವೀಕರಿಸುವುದಿಲ್ಲ. ಹೊಸಬನ ಬೆನ್ನಿಗೆ ಹಳಬನೊಬ್ಬ ನಿಲ್ಲುತ್ತಾನೆ. ಅವನನ್ನು ಸ್ಪಾನ್ಸರ್ ಎನ್ನುತ್ತಾರೆ, ನಡುರಾತ್ರಿ ಆಸೆ ಕೆರಳಿದರೂ ಫೋನು ಮಾಡಬಹುದು. ಇನ್ನೊಂದು ಸಂಗತಿ ಮೊದಲಿಗೆ ನಮಗೆ ಹಿಡಿಸಿರಲಿಲ್ಲ. ಅವರು ಜೀವಮಾನದ ಆಣೆ ಮಾಡಿಸುವುದಿಲ್ಲ. ಇವತ್ತೊಂದು ದಿನ ಕುಡಿಯುವುದಿಲ್ಲ, ಅಷ್ಟೇ. ಇದೆಂಥ ಅರೆಮನಸ್ಸಿನ ವ್ರತ ಎನಿಸಿತು. ಯೋಚಿಸಿದರೆ ತಿಳಿಯುತ್ತದೆ: ಇಪ್ಪತ್ತು ವರ್ಷ ಕುಡಿದವನ ತಲೆಯ ಮೇಲೆ ಮುಂದಿನ ಮೂವತ್ತು ವರ್ಷದ ಮೂಟೆಯನ್ನು ಒಮ್ಮೆಲೇ ಹೊರಿಸಿದರೆ ಅವನು ಅದನ್ನು ಇಳಿಸುವ ಜಾಗ ಹುಡುಕುತ್ತಾನೆ. ಆ ಜಾಗ ಯಾವುದೆಂದು ಎಲ್ಲರಿಗೂ ಗೊತ್ತು.

ಇವೆಲ್ಲ ಬರಿಯ ಮಾತಿನ ಸಮಾಧಾನವಲ್ಲವೇ ಎಂದು ಒಬ್ಬ ಓದಿದ ಭಕ್ತರು ಕೇಳಿದರು. ವೈದ್ಯಕೀಯ ಅಧ್ಯಯನಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2020ರಲ್ಲಿ 27 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿತು. ಹತ್ತು ಸಾವಿರಕ್ಕೂ ಹೆಚ್ಚು ಜನರ ಮಾಹಿತಿ ಅದರಲ್ಲಿತ್ತು. ಕ್ರಮಬದ್ಧವಾಗಿ ಈ ಕೂಟಗಳ ದಾರಿಗೆ ಹಚ್ಚಿದವರಲ್ಲಿ ಪೂರ್ತಿಯಾಗಿ ಕುಡಿತ ಬಿಟ್ಟು ಉಳಿದವರ ಪ್ರಮಾಣ ಬೇರೆ ಹೆಸರಾಂತ ಚಿಕಿತ್ಸೆಗಳಿಗಿಂತ ಹೆಚ್ಚೇ ಇತ್ತು. ನಮ್ಮ ದೇಶದ ಸ್ಥಿತಿಗೆ 2019ರಲ್ಲಿ ಪ್ರಕಟವಾದ ಕೇಂದ್ರ ಸರಕಾರದ ಸಮೀಕ್ಷೆಯನ್ನು ನೋಡಬೇಕು. ಸುಮಾರು 16 ಕೋಟಿ ಜನ ಕುಡಿಯುತ್ತಾರೆ, ಅವರಲ್ಲಿ 5.7 ಕೋಟಿ ಜನರಿಗೆ ಸಹಾಯ ಬೇಕಾಗಿದೆ, ಕುಡಿತಕ್ಕೆ ದಾಸರಾದವರಲ್ಲಿ 38 ಜನರಲ್ಲಿ ಒಬ್ಬರಿಗಷ್ಟೇ ಯಾವುದಾದರೊಂದು ಚಿಕಿತ್ಸೆ ದೊರೆತಿದೆ ಎಂದು ಅದು ಹೇಳುತ್ತದೆ. ಉಳಿದ 37 ಜನ ನಮ್ಮ ನಿಮ್ಮ ಊರುಗಳಲ್ಲಿಯೇ ಇದ್ದಾರೆ.

ಸಭೆ ಹುಡುಕುವ ಮೊದಲು ಒಂದು ಎಚ್ಚರಿಕೆ. ಇದನ್ನು ದಯಮಾಡಿ ಓದಿ ಹೇಳಿ, ಅಕ್ಷರ ಬಾರದ ಹಿರಿಯರಿಗೂ ತಿಳಿಯಲಿ. ದಿನವೂ ವಿಪರೀತ ಕುಡಿಯುವವನು ಆಣೆ ಮಾಡಿ ಫಕ್ಕನೆ ನಿಲ್ಲಿಸುವುದು ಪ್ರಾಣಕ್ಕೆ ಅಪಾಯ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಸನ್ನಿ ಹಿಡಿದು, ಇಲ್ಲದ್ದು ಕಂಡು, ಮೈ ಬೆವರಿ, ತಮ್ಮವರನ್ನೇ ಗುರುತಿಸದಂತಾಗುತ್ತದೆ. ನಮ್ಮ ಕಡೆ ಇದನ್ನು ಗಾಳಿ ಹಿಡಿದಿದೆ, ವ್ರತಭಂಗದ ಶಾಪ ತಟ್ಟಿದೆ ಎನ್ನುತ್ತಾರೆ. ಅದು ಶಾಪವಲ್ಲ, ಆಸ್ಪತ್ರೆಯಲ್ಲಿ ಚಿಕಿತ್ಸೆಯಿರುವ ಸ್ಥಿತಿ. ಅಂಥವರನ್ನು ಮೊದಲು ವೈದ್ಯರಿಗೆ ತೋರಿಸಬೇಕು. ನಾವೂ ಈಗ ತೋರಿಸದೆ ಯಾರಿಗೂ ವಿಭೂತಿ ಮುಟ್ಟಿಸುವುದಿಲ್ಲ. ಇನ್ನೊಂದು, "ಅವರಿಗೆ ಗೊತ್ತಾಗದಂತೆ ಊಟದಲ್ಲಿ ಬೆರೆಸಿ ಕುಡಿತ ಬಿಡಿಸಿ" ಎಂದು ಪುಡಿ ಮಾರುವವರ ಮಾತಿಗೆ ಮರುಳಾಗಬೇಡಿ. ಕುಡಿತದ ಮೇಲೆ ವಾಂತಿ, ಎದೆಬಡಿತ ತರುವ ಮಾತ್ರೆಗಳಿವೆ ನಿಜ. ವೈದ್ಯರು ರೋಗಿಗೆ ಹೇಳಿ, ಒಪ್ಪಿಸಿ ಕೊಡುವ ಮದ್ದು ಅದು. ತಿಳಿಯದೆ ನುಂಗಿದವನು ಮೇಲೆ ಸೆರೆ ಸುರಿದುಕೊಂಡರೆ ಜೀವಕ್ಕೇ ಎರವಾಗಬಹುದು.

ಇನ್ನು ಸಭೆ ಎಲ್ಲಿ ಸಿಗುತ್ತದೆ? ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲಿ, ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆಗಳಲ್ಲಿ ಕೇಳಬಹುದು. ವ್ಯಸನಮುಕ್ತಿಗೆಂದೇ ಇರುವ 14446 ಸಂಖ್ಯೆಗೆ ದುಡ್ಡಿಲ್ಲದೆ ಫೋನು ಮಾಡಬಹುದು, 2022ರಲ್ಲಿ ಆರಂಭವಾದ ಟೆಲಿ-ಮಾನಸ್ 14416ರಲ್ಲಿ ಕನ್ನಡದಲ್ಲಿಯೇ ಮಾತಾಡಬಹುದು. ನಮ್ಮ ಹಳ್ಳಿಗಳಿಗೆ ಹೆಚ್ಚು ಹತ್ತಿರದ್ದೆಂದರೆ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಹಾಗೂ ಜನಜಾಗೃತಿ ವೇದಿಕೆಯವರ ಮದ್ಯವರ್ಜನ ಶಿಬಿರಗಳು. ಎಂಟು ದಿನ ಊರಲ್ಲಿಯೇ ಇರಿಸಿಕೊಂಡು ನಡೆಸುತ್ತಾರೆ. ಶಿಬಿರದ ಫೋಟೋ ಪತ್ರಿಕೆಯಲ್ಲಿ ಬರುತ್ತದೆ, ಎಲ್ಲರೂ ನೋಡುತ್ತಾರೆ. ಶಿಬಿರ ಮುಗಿಸಿದವರು ಸೇರಿಕೊಂಡು ನಡೆಸುವ ನವಜೀವನ ಸಮಿತಿಯ ಸಭೆ ಯಾರ ಕಣ್ಣಿಗೂ ಬೀಳುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ ಎಂಟು ದಿನದ ಶಿಬಿರ ಬಿತ್ತಿಗೆಯಾದರೆ ಈ ಸಭೆ ಎಡೆ ಹೊಡೆಯುವ ಕೆಲಸ. ಬಿತ್ತಿ ಮನೆಗೆ ಹೋದವನ ಹೊಲದಲ್ಲಿ ಏನು ಬೆಳೆಯುತ್ತದೆಂದು ರೈತರಿಗೆ ನಾವು ಹೇಳಬೇಕಿಲ್ಲ.

ಸಿಕ್ಕ ಮೊದಲ ಸಭೆಯೇ ಹೊಂದುತ್ತದೆಂದು ಹೇಳಲಾಗದು. ಒಮ್ಮೆ ಹೋಗಿ, "ಅಲ್ಲೇನೈತ್ರಿ, ಬರೇ ಮಾತಾಡ್ತಾರ" ಎಂದು ಬಿಟ್ಟು ಬಂದವರು ಬಹಳ. ಹೆಣ್ಣು ನೋಡಲು ನಾಲ್ಕು ಊರು ತಿರುಗುವ ನಾವು ಜೀವ ಉಳಿಸುವ ಸಭೆಗೆ ನಾಲ್ಕು ಸಲ ಹೋಗಲಾರೆವೇ? ಐದಾರು ಸಲವಾದರೂ ಕುಳಿತು ನೋಡಬೇಕು. ಒಂದು ಒಗ್ಗದಿದ್ದರೆ ಇನ್ನೊಂದು. ಮಾತು ಅವನಿಗೆ ತಿಳಿಯುವ ಕನ್ನಡದಲ್ಲಿರಬೇಕು. ಪೇಟೆಯ ಕೆಲವು ಸಭೆಗಳು ಇಂಗ್ಲಿಷಿನಲ್ಲಿ ನಡೆಯುತ್ತವೆ, ಅಲ್ಲಿ ನಮ್ಮವನು ಕಂಬದಂತೆ ಕುಳಿತು ಬರುತ್ತಾನೆ. ಅವನು ನಿತ್ಯ ಕುಡಿಯುತ್ತಿದ್ದ ಹೊತ್ತಿಗೇ ಸಭೆಯಿದ್ದರೆ ಬಲು ಒಳ್ಳೆಯದು. ವರ್ಷಗಟ್ಟಲೆ ಬಿಟ್ಟಿರುವ ಒಬ್ಬಿಬ್ಬರು ಅಲ್ಲಿರಬೇಕು, ನಿನ್ನೆ ಮೊನ್ನೆ ಬಿಟ್ಟವರೂ ಇರಬೇಕು. ಕೂಲಿಯವನೂ ಸಾಹುಕಾರನೂ ಒಂದೇ ಸಾಲಿನಲ್ಲಿ ಕೂಡ್ರಬೇಕು. ಹೆಣ್ಣುಮಕ್ಕಳಲ್ಲಿಯೂ ಈ ವ್ಯಸನವುಂಟು. ಅದನ್ನು ಮನೆಯವರು ಗಂಡಸರದ್ದಕ್ಕಿಂತ ಹೆಚ್ಚು ಮುಚ್ಚಿಡುತ್ತಾರೆ. ಅವರಿಗೆ ಅಂಜಿಕೆಯಿಲ್ಲದೆ ಮಾತಾಡುವ ಬೇರೆ ಸಭೆ ಬೇಕು. ದುಡ್ಡು ಕೇಳುವ, ಮದ್ದು ಮಾರುವ, ಒಳಗಿನ ಮಾತನ್ನು ಊರಿಗೆ ಹಬ್ಬಿಸುವ ಸಭೆಯಾದರೆ ಎದ್ದು ಬರುವುದೇ ಲೇಸು. ಬಾರದ ದೂರದಲ್ಲಿದ್ದವರಿಗೆ ಮೊಬೈಲಿನಲ್ಲಿ ನಡೆಯುವ ಸಭೆಗಳೂ 2020ರ ಕೊರೋನಾ ಕಾಲದಿಂದ ಹೆಚ್ಚಾಗಿವೆ. ಎದುರು ಕುಳಿತದ್ದರ ಸಮ ಅಲ್ಲದಿದ್ದರೂ ಹಾಳು ಸಂಜೆಯೊಂದನ್ನು ದಾಟಿಸಬಲ್ಲವು.

ಇಲ್ಲಿ ಒಂದು ತೊಡಕು ಬರುತ್ತದೆ. ನಮಗೆ ಬೇಕಾದ ಒಬ್ಬ ಹಿರಿಯರು, ಮೂರು ಹೊತ್ತು ಲಿಂಗಪೂಜೆ ತಪ್ಪಿಸದವರು, ಮಗನನ್ನು ಸಭೆಗೆ ಕಳಿಸಲು ಒಪ್ಪಲಿಲ್ಲ. ಕಾರಣ, ಸಭೆ ನಡೆಯುವುದು ಇಗರ್ಜಿಯ ಕೋಣೆಯಲ್ಲಿ. "ಮಗ ಕುಡದರೂ ನಮ್ಮಂವ ಇರ್ತಾನ್ರಿ" ಎಂದರು. ಎ.ಎ. ಯಾವ ಮತಕ್ಕೂ ಸೇರಿದ್ದಲ್ಲ. ಬಾಡಿಗೆಗೆ ಅಗ್ಗವಾಗಿ ಎಲ್ಲಿ ಕೋಣೆ ಸಿಗುತ್ತದೋ ಅಲ್ಲಿ ಕೂಡುತ್ತಾರೆ, ಅದು ಶಾಲೆಯೂ ಆಗಬಹುದು. ಅವರ ಹನ್ನೆರಡು ಮೆಟ್ಟಿಲುಗಳಲ್ಲಿ ದೇವರ ಮಾತು ಬರುತ್ತದೆ ನಿಜ, ಆದರೆ ಆ ದೇವರು ಅವರವರು ತಿಳಿದುಕೊಂಡಂಥ ದೇವರು. ಇಷ್ಟಲಿಂಗ ಕಟ್ಟಿದವನು ಅದನ್ನೇ ನೆನೆಯಲಿ. ದೇವರನ್ನು ನಂಬದವನಿಗೂ ಅಲ್ಲಿ ಕುರ್ಚಿಯುಂಟು. ಕಲ್ಯಾಣದ ಅನುಭವ ಮಂಟಪದಲ್ಲಿ ಹೆಂಡ ಮಾರುವ ಕಾಯಕದ ಹೆಂಡದ ಮಾರಯ್ಯನವರೂ ಶರಣರೊಡನೆ ಸಮನಾಗಿ ಕುಳಿತವರು, ಆ ಕಾಯಕದ ಮಾತಿನಲ್ಲಿಯೇ ವಚನ ಬರೆದವರು. ಅವರನ್ನು ಒಪ್ಪಿಕೊಂಡ ಪರಂಪರೆಯವರು ನಾವು. ಮಗ ಕುಳಿತ ಕೋಣೆಯ ಗೋಡೆಯ ಮೇಲಿನ ಚಿತ್ರಕ್ಕೆ ಅಂಜುವುದೇ? ಆ ಹಿರಿಯರಿಗೆ ಇಷ್ಟೂ ಹೇಳಿದೆವು. ಅವರು ಕೇಳಿಸಿಕೊಂಡರು, ಒಪ್ಪಲಿಲ್ಲ. ಕೋಣೆ ಮಠದಲ್ಲಿ ಏಕಿಲ್ಲವೆಂದು ತಿರುಗಿ ಕೇಳಿದರು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಮನೆಯವರ ಬಗ್ಗೆಯೂ ಎರಡು ಮಾತು. ಕುಡುಕನ ಹೆಂಡತಿ ತಾನೂ ಒಂದು ಬಗೆಯ ರೋಗಿಯಾಗಿರುತ್ತಾಳೆ. ಬಾಟಲಿ ಹುಡುಕುವುದು, ಸಾಲ ಮುಚ್ಚುವುದು, ಮಾವನಿಗೆ ಸುಳ್ಳು ಹೇಳುವುದು, ಇದರಲ್ಲಿಯೇ ಅವಳ ಆಯುಷ್ಯ ಸವೆಯುತ್ತದೆ. ಬಿಲ್ ವಿಲ್ಸನ್ನನ ಹೆಂಡತಿ ಲೋಯಿಸ್ ಮುಂದಾಗಿ 1951ರಲ್ಲಿ ಮನೆಯವರಿಗೆಂದೇ ಅಲ್-ಅನಾನ್ ಎಂಬ ಬೇರೆ ಕೂಟವನ್ನು ಕಟ್ಟಿದ್ದು ಇದೇ ಕಾರಣಕ್ಕೆ. ಗಂಡ ಸಭೆಗೆ ಬಾರದಿದ್ದರೂ ಹೆಂಡತಿ ತನ್ನ ಸಭೆಗೆ ಹೋಗಬಹುದು. ಊರ ಹಿರಿಯರಾದವರು ಮಾಡಬೇಕಾದದ್ದು ಸ್ವಲ್ಪವೇ. ಅವನನ್ನು ಸಭೆಯ ಬಾಗಿಲತನಕ ಕರಕೊಂಡು ಹೋಗಿ, ಹೊರಗೆ ಕಟ್ಟೆಯ ಮೇಲೆ ಕೂಡ್ರಿ. ಒಳಗೆ ಏನಾಯಿತೆಂದು ಕೇಳಬೇಡಿ. ಬಸ್ಸಿನಲ್ಲಿ ಮರಳುವಾಗ ಮಳೆ ಬೆಳೆಯ ಮಾತಾಡಿ.

ಆ ಹಿರಿಯರ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಮಠದ ಹಿಂಭಾಗದಲ್ಲಿ, ಮೊದಲು ಜೋಳದ ಚೀಲ ಒಟ್ಟುತ್ತಿದ್ದ ಪಡಸಾಲೆಯೊಂದಿದೆ. ಈ ಯುಗಾದಿಯಿಂದ ಅದನ್ನು ತೆರವು ಮಾಡಿ, ಸುಣ್ಣ ಬಳಿದು, ಚಾಪೆ ಹಾಸಿದ್ದೇವೆ. ಪ್ರತಿ ಗುರುವಾರ ಜಿಲ್ಲಾ ಸ್ಥಳದಿಂದ ಕುಡಿತ ಬಿಟ್ಟವರಿಬ್ಬರು ಬಂದು ಸಭೆ ನಡೆಸುತ್ತಾರೆ. ತಾವು ಕೂಡುವ ಜಾಗಕ್ಕೆ ಬಾಡಿಗೆ ಕೊಟ್ಟೇ ಕೊಡುತ್ತೇವೆಂದು ಹಟ ಹಿಡಿದರು. ಅದು ಅವರ ನೇಮವಂತೆ, ತಿಂಗಳಿಗೆ ಐವತ್ತು ರೂಪಾಯಿ ತೆಗೆದುಕೊಳ್ಳುತ್ತಿದ್ದೇವೆ. ಅಲ್ಲಿ ನಮ್ಮ ಫೋಟೋ ಇಲ್ಲ, ದಾನಿಗಳ ಹೆಸರಿನ ಕಲ್ಲಿಲ್ಲ. ಯಾವ ಜಾತಿಯವನೂ ಯಾವ ಮತದವನೂ ಬರಬಹುದು. ಸಭೆಯ ಹೊತ್ತಿಗೆ ನಾವು ಆ ಕಡೆ ಸುಳಿಯುವುದಿಲ್ಲ. ಕಾವಿ ಕಂಡರೆ ಜನ ಎದ್ದು ನಿಲ್ಲುತ್ತಾರೆ, ನಿಜ ಹೇಳುವುದನ್ನು ಬಿಡುತ್ತಾರೆ. ಮೊದಲು ಏಳು ಗಂಟೆಗೆ ಇಟ್ಟಿದ್ದರು. ಕೊನೆಯ ಬಸ್ಸು ಎಂಟಕ್ಕೇ ಹೋಗುವುದರಿಂದ ಈಗ ಆರೂವರೆಗೆ ತಂದಿದ್ದಾರೆ.

ಆ ತಾಯಿಯ ಮಗ ಬಂದನೇ ಎಂದು ಭಕ್ತರು ಕೇಳುತ್ತಾರೆ. ಯಾರು ಬಂದರು, ಯಾರು ಬರಲಿಲ್ಲವೆಂಬುದನ್ನು ಹೇಳುವಂತಿಲ್ಲ, ನಮಗೆ ಗೊತ್ತೂ ಇಲ್ಲ. ತಾಯಿ ಒಮ್ಮೆ ಬಂದು, ಯಾವ ಬಾಗಿಲಿಂದ ಹೋಗಬೇಕೆಂದು ಕೇಳಿದಳು. ಮುಂಬಾಗಿಲಿಗೆ ಬರಬೇಕಿಲ್ಲ ತಾಯೀ, ಪಡಸಾಲೆಗೆ ಹಳ್ಳದ ಕಡೆಯಿಂದಲೂ ಒಂದು ಬಾಗಿಲಿದೆ, ಗುರುವಾರ ಅದನ್ನು ತೆರೆದಿಟ್ಟಿರುತ್ತೇವೆ ಎಂದೆವು.